ದೇವರನ್ನು ಎಬ್ಬಿಸಲು ಹನ್ನೊಂದು ಸ್ವಿಚ್ಚು

ಬೆಳಿಗ್ಗೆ ಐದೂವರೆಗೆ ಅಮ್ಮ ಬಾಗಿಲು ತಟ್ಟಿದಳು. "ಲೋ, ಎದ್ದು ಸುಬ್ಬುಲಕ್ಷ್ಮೀನ ಎಬ್ಬಿಸೋ. ಅವಳೆದ್ದ ಮೇಲೆ ತಾನೆ ವೆಂಕಟರಮಣ ಏಳೋದು!"

ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಂಠದ ವೆಂಕಟೇಶ ಸುಪ್ರಭಾತ 1963ರ ರೆಕಾರ್ಡು. ಅರವತ್ತು ವರ್ಷದಿಂದ ಅದು ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ದೇವಸ್ಥಾನದ ಲೌಡ್‌ಸ್ಪೀಕರಿನಲ್ಲಿ, ಮದುವೆ ಛತ್ರದ ಅಡುಗೆಮನೆಯಲ್ಲಿ ಒಂದು ಗುಂಡಿ ಒತ್ತಿದರೆ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಹಾಗಲ್ಲ. ನಮ್ಮದು ಗುಣಮಟ್ಟದ ಮನೆ.

ಮೊದಲು ಪವರ್ ಕಂಡೀಷನರ್ ಹಾಕಬೇಕು. ಅದರ ಕೆಂಪು ದೀಪ ಹಸಿರಾಗುವ ತನಕ ಬೇರೇನನ್ನೂ ಮುಟ್ಟುವಂತಿಲ್ಲ. ಆಮೇಲೆ ರೂಟರ್. ರೂಟರ್ ಕಣ್ಣು ಬಿಟ್ಟ ಮೇಲೆ ನೆಟ್‌ವರ್ಕ್ ಸ್ವಿಚ್ಚು. ಆಫೀಸಿನಲ್ಲಿರುತ್ತದಲ್ಲ ಆ ಜಾತಿಯದಲ್ಲ, ಸಂಗೀತಕ್ಕೆಂದೇ ಹುಟ್ಟಿದ್ದು. ಅನಂತರ ಲೀನಿಯರ್ ಪವರ್ ಸಪ್ಲೈ, ಅದು ಬೆಚ್ಚಗಾದ ಮೇಲೆ ಹಾಡುಗಳ ಸರ್ವರ್, ಸರ್ವರ್ ಎದ್ದ ಮೇಲೆ ಸ್ಟ್ರೀಮರ್, ಸ್ಟ್ರೀಮರಿನ ಬೆನ್ನಿಗೆ ಯುಎಸ್‌ಬಿ ಶುದ್ಧೀಕರಣದ ಡಬ್ಬಿ, ಅದಕ್ಕೆ ತಾಳ ಹಾಕಲು ಕ್ಲಾಕ್, ಆಮೇಲೆ ಡ್ಯಾಕ್, ಆಮೇಲೆ ಪ್ರೀಆಂಪ್, ಕಟ್ಟಕಡೆಗೆ ಪವರ್ ಆಂಪ್. ಈ ಕೊನೆಯ ಎರಡನ್ನು ಹಿಂದುಮುಂದು ಮಾಡಿದರೆ ಸ್ಪೀಕರಿನಿಂದ 'ಧಡ್' ಅಂತ ಸದ್ದು ಬಂದು ಪಕ್ಕದ ಮನೆಯ ನಾಯಿ ಬೊಗಳುತ್ತದೆ. ಒಟ್ಟು ಹನ್ನೊಂದು ಸ್ವಿಚ್ಚು, ನಾಲ್ಕು ರಿಮೋಟು. ಇಷ್ಟಾದ ಮೇಲೆ ಟ್ಯಾಬ್ ತೆರೆದರೆ ಆ್ಯಪ್ ಹೇಳುತ್ತದೆ: ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?

ಹಾಕಿಕೊಂಡೆ. ಪಾಸ್‌ವರ್ಡ್ ಕೇಳಿತು. ಕೊಟ್ಟೆ. ನಿಮ್ಮ ಮನೆಯಲ್ಲಿ ಯಾವ ಸಾಧನವೂ ಸಿಗುತ್ತಿಲ್ಲ ಎಂದಿತು. ಹನ್ನೊಂದು ಡಬ್ಬಿಗಳ ಹದಿನಾಲ್ಕು ದೀಪಗಳು ನನ್ನ ಮುಖ ನೋಡುತ್ತ ಕೂತಿದ್ದವು. ಅಷ್ಟರಲ್ಲಿ ಗೋಡೆಯಾಚೆ ಪಕ್ಕದ ಮನೆ ಅಜ್ಜಿಯ ಫೋನಿನಿಂದ, ಕಿರುಬೆರಳ ಉಗುರಿನಷ್ಟು ಸ್ಪೀಕರಿನಿಂದ, ಸುಪ್ರಭಾತ ಮುಗಿದು ಮಂಗಳ ಕೇಳಿಬಂತು.

"ಬಿಡು ಮಗು," ಅಂದಳು ಅಮ್ಮ, "ಅವನು ಎದ್ದು ಕಾಫಿ ಕುಡಿದಾಯ್ತು."

ಇದು ಎಲ್ಲಿಂದ ಶುರುವಾಯಿತೋ ಹೇಳುತ್ತೇನೆ. ಗೂಗಲ್ 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೋ ಅಂತ ಒಂದು ಬಿಲ್ಲೆ ಬಿಟ್ಟಿತ್ತು. ನಿಪ್ಪಟ್ಟಿನಷ್ಟು ಗಾತ್ರ, 35 ಡಾಲರ್ ಬೆಲೆ. ಫೋನಿನಲ್ಲಿ ಹಾಡು ಆರಿಸಿದರೆ ಅದು ವೈಫೈನಿಂದ ತಾನೇ ಹಾಡನ್ನು ಎಳೆದುಕೊಂಡು ಹಳೆಯ ಆಂಪ್ಲಿಫೈಯರಿಗೆ ಕೊಡುತ್ತಿತ್ತು. ಫೋನು ಬರೀ ರಿಮೋಟು. ಕರೆ ಬಂದರೂ ಹಾಡು ನಿಲ್ಲುತ್ತಿರಲಿಲ್ಲ. ಭಾವಮೈದುನ ಅಮೆರಿಕದಿಂದ ತಂದುಕೊಟ್ಟ, ಸಿಕ್ಕಿಸಿದೆ, ಹಾಡಿತು. ಅಷ್ಟೇ. 2019ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಇಷ್ಟು ಸಲೀಸಾಗಿ ಕೆಲಸ ಮಾಡುವ ವಸ್ತುವಿಗೆ ಲೋಕದಲ್ಲಿ ಆಯುಸ್ಸು ಕಡಿಮೆ.

ಆ ಬಿಲ್ಲೆಯ ಕಾಲದಲ್ಲೇ ನಮ್ಮ ಮನೆಗೆ ಗುರುಗಳ ಪಾದಾರ್ಪಣೆಯಾದದ್ದು. ನಮ್ಮ ಬಡಾವಣೆಯಲ್ಲಿ ಅವರಿಗೆ ಆಡಿಯೋ ಗುರುಗಳೆಂದೇ ಹೆಸರು. ರಿಟೈರಾದವರು, ವಯಸ್ಸು ಅರವತ್ಮೂರು, ಕಿವಿಯ ಮೇಲೆ ಸೊಂಪಾಗಿ ಬೆಳೆದ ಬಿಳಿಕೂದಲು. ಯಾರಿಂದಲೂ ಕಮಿಷನ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡಿದ್ದರೆ ಅನುಮಾನಪಟ್ಟಾದರೂ ನಾನು ಬಚಾವಾಗುತ್ತಿದ್ದೆ. ಸೋಫಾದ ನಟ್ಟನಡುವೆ ಕೂತು, ಕಣ್ಣು ಮುಚ್ಚಿ, ಅರ್ಧ ಹಾಡು ಕೇಳಿ, ನಿಟ್ಟುಸಿರು ಬಿಟ್ಟರು.

"ಪರವಾಗಿಲ್ಲ. ಆದರೆ ಪರದೆ ಇದೆ."

"ಯಾವ ಪರದೆ ಸಾರ್?"

"ನಿಮಗೂ ಸಂಗೀತಕ್ಕೂ ನಡುವೆ. ತೆಳ್ಳಗೆ ಒಂದು ಪರದೆ."

ಧಾರವಾಡದಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಕಾಫಿ ಇಡುತ್ತ ಕಿಟಕಿ ಕಡೆ ನೋಡಿದಳು. "ಇಲ್ರೀ, ಎಲ್ಲಾ ಪಡದೆ ಒಗ್ಯಾಕ ಹಾಕೇನಿ."

ಆ ಪರದೆ ಸರಿಸಲು ಡ್ಯಾಕ್ ತಂದೆ. ಅಂಕಿಗಳಾಗಿ ಬಂದ ಸಂಗೀತವನ್ನು ವಿದ್ಯುತ್ತಿನ ಅಲೆಯಾಗಿ ಮಾಡುವ ಯಂತ್ರ ಅದು. ಅಂಥದೊಂದು ಪುಟ್ಟ ಡ್ಯಾಕು ಪ್ರತಿ ಫೋನಿನಲ್ಲೂ ಟಿವಿಯಲ್ಲೂ ಇರುತ್ತದೆ, ಆ ಬಿಲ್ಲೆಯಲ್ಲೂ ಇತ್ತು. ಆದರೆ ಒಳಗಿರುವುದಕ್ಕೆ ಬೆಲೆ ಎಲ್ಲಿ? ಗುರುಗಳು ಬಂದು ಕೇಳಿ, ಡ್ಯಾಕ್ ಚೆನ್ನಾಗಿದೆ, ಯುಎಸ್‌ಬಿ ಕೊಳಕು ಅಂದರು. ಶುದ್ಧೀಕರಣದ ಡಬ್ಬಿ ಬಂತು. ಡಬ್ಬಿ ಚೆನ್ನಾಗಿದೆ, ಅದಕ್ಕೆ ಕೊಡುವ ಕರೆಂಟು ಕೊಳಕು. ಲೀನಿಯರ್ ಸಪ್ಲೈ ಬಂತು. ಕರೆಂಟು ಚೆನ್ನಾಗಿದೆ, ನೆಟ್‌ವರ್ಕು ಕೊಳಕು. ಪ್ರತಿಯೊಂದು ಡಬ್ಬಿಯೂ ಹಿಂದಿನ ಡಬ್ಬಿಯ ಪಾಪ ತೊಳೆಯಲು ಬಂದದ್ದು, ಮತ್ತು ಬರುವಾಗ ತನ್ನದೊಂದು ಪಾಪ ಹೊತ್ತು ತಂದದ್ದು.

ನಮ್ಮ ಅಜ್ಜಿಯ ಕಾಲದಲ್ಲಿ ಮಡಿ ಇದ್ದದ್ದು ಅಡುಗೆಮನೆಯಲ್ಲಿ. ಈಗ ಅದು ಹಾಲಿಗೆ ಬಂದು ಕೂತಿದೆ. ರೂಟರ್ ಮುಟ್ಟಿದ ಸಿಗ್ನಲ್ಲು ಮೈಲಿಗೆ. ಸ್ವಿಚ್ಚಿನಲ್ಲಿ ಸ್ನಾನ ಮಾಡಿಸಿ, ಬೆಳ್ಳಿ ತಂತಿಯ ಮೇಲೆ ನಡೆಸಿಕೊಂಡು, ಯಾರೂ ಮುಟ್ಟದಂತೆ ಡ್ಯಾಕಿನ ಗರ್ಭಗುಡಿಗೆ ಬಿಡಬೇಕು. ಕೆಲಸದವಳು ಒದ್ದೆ ಬಟ್ಟೆ ಹಿಡಿದು ಆ ಕಡೆ ಹೋದರೆ ನಾನು "ಮುಟ್ಟಬೇಡಮ್ಮಾ!" ಎಂದು ಕೂಗುತ್ತಿದ್ದ ದನಿ ಅಜ್ಜಿಯದೇ ಎಂದು ಅಮ್ಮ ಹೇಳಿದಳು. ಸಂತೋಷದಿಂದೇನೂ ಅಲ್ಲ.

ಈ ಮಡಿಯ ಶಾಸ್ತ್ರಕ್ಕೆ ಆಧಾರವೇನು? 2008ರ ಸುಮಾರಿಗೆ ಡೆನಾನ್ ಕಂಪನಿ ಒಂದೂವರೆ ಮೀಟರಿನ ನೆಟ್‌ವರ್ಕ್ ಕೇಬಲನ್ನು 499 ಡಾಲರಿಗೆ ಮಾರಿತು. ಸಿಗ್ನಲ್ ಯಾವ ಕಡೆಗೆ ಹರಿಯಬೇಕು ಎನ್ನುವುದಕ್ಕೆ ಅದರ ಮೇಲೆ ಬಾಣದ ಗುರುತೂ ಇತ್ತು. ನೆಟ್‌ವರ್ಕ್ ಕೇಬಲಿನಲ್ಲಿ ಮಾಹಿತಿ ಹೋಗುತ್ತದೆ, ಬರುತ್ತದೆ, ಎರಡೂ ಕಡೆ ಹರಟುತ್ತದೆ. ಬಾಣದ ಮಾತು ಕೇಳಿದ್ದರೆ ಹಾಡು ಬೇಕೆಂಬ ಕೋರಿಕೆಯೇ ಹೊರಗೆ ಹೋಗುತ್ತಿರಲಿಲ್ಲ. ಅಷ್ಟಕ್ಕೂ ಇಂಟರ್ನೆಟ್ಟಿನಲ್ಲಿ ಹಾಡು ತುಣುಕು ತುಣುಕಾಗಿ ಬರುತ್ತದೆ. ಪ್ರತಿ ತುಣುಕಿನ ಲೆಕ್ಕವನ್ನೂ ಯಂತ್ರ ತಾಳೆ ನೋಡುತ್ತದೆ. ತಪ್ಪಿದ್ದರೆ ಬಿಸಾಡಿ ಇನ್ನೊಂದನ್ನು ತರಿಸಿಕೊಳ್ಳುತ್ತದೆ. ಎಲ್ಲವನ್ನೂ ಕೂಡಿಟ್ಟುಕೊಂಡು ಆಮೇಲೆ ತನ್ನ ಒಳಗಿನ ಗಡಿಯಾರದ ತಾಳಕ್ಕೆ ನುಡಿಸುತ್ತದೆ. ನೀವು ಮಗನ ಕಾಲೇಜಿಗೆ ಹತ್ತು ಸಾವಿರ ಫೀಸು ಕಟ್ಟುವುದೂ ಇದೇ ತಂತಿಯಲ್ಲಿ. ಹೋಗಿ ಸೇರುವುದು ಹತ್ತು ಸಾವಿರವೇ. ಒಳ್ಳೆಯ ಕೇಬಲ್ ಹಾಕಿದ್ದೀರೆಂದು ಕೊಂಚ ಬೆಚ್ಚಗಿನ, ಕೊಂಚ ತುಂಬುಕಂಠದ ಹತ್ತು ಸಾವಿರ ಮುಟ್ಟಿತು ಅಂತ ಯಾವ ಕಾಲೇಜೂ ರಸೀದಿ ಕೊಟ್ಟಿಲ್ಲ.

ನಿಜವಾದ ಗದ್ದಲವೊಂದು ಉಂಟು, ಇಲ್ಲವೆನ್ನುವುದಿಲ್ಲ. ಡಬ್ಬಿಗೊಂದು ಪ್ಲಗ್ಗಾಗಿ, ಪ್ಲಗ್ಗಿಗೊಂದು ಅರ್ತ್ ದಾರಿಯಾಗಿ, ಆ ದಾರಿಗಳು ಒಂದಕ್ಕೊಂದು ಸುತ್ತು ಹಾಕಿಕೊಂಡರೆ ಸ್ಪೀಕರಿನಲ್ಲಿ 'ಗುಂಯ್' ಎನ್ನುತ್ತದೆ. ನಮ್ಮಲ್ಲಿ ಆರನೆಯ ಡಬ್ಬಿ ಬಂದ ದಿನದಿಂದ ಗುಂಯ್ ಅನ್ನುತ್ತಿತ್ತು. ಗುರುಗಳು ಅದನ್ನು ಹೋಗಲಾಡಿಸಲು ಏಳನೆಯದನ್ನು ಹೇಳಿದರು. ಎಲೆಕ್ಟ್ರೀಷಿಯನ್ ಹುಡುಗ ಬಂದು, ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ಹಾಕಿ, ಮುನ್ನೂರು ರೂಪಾಯಿ ಇಸಿದುಕೊಂಡು ಹೋದ. ಗುಂಯ್ ನಿಂತಿತು. ಏಳನೆಯ ಡಬ್ಬಿಯ ಮಹಿಮೆ ಎಂದು ನಾನು ಎಲ್ಲರಿಗೂ ಹೇಳಿದೆ.

ಇನ್ನು ಅಂಕಿಗಳ ಮೋಹ. ಸಿಡಿ ಬಂದದ್ದು 1982ರಲ್ಲಿ. ಸೆಕೆಂಡಿಗೆ 44,100 ಸಲ ಸದ್ದಿನ ಅಳತೆ, ಪ್ರತಿ ಅಳತೆಗೂ 16 ಬಿಟ್. ಅಳತೆಯ ಅರ್ಧದಷ್ಟು ಕಂಪನದವರೆಗೆ, ಅಂದರೆ 22,050 ಹರ್ಟ್ಸ್‌ವರೆಗೆ, ಸದ್ದನ್ನು ಇದ್ದದ್ದು ಇದ್ದ ಹಾಗೆ ಹಿಡಿದಿಡಬಹುದು ಎನ್ನುವುದು ಗಣಿತ. ಎಳೆಯ ಕಿವಿ ಕೇಳುವುದೇ 20,000ದವರೆಗೆ. ಆದರೂ ನಮಗೆ 24 ಬಿಟ್, 192 ಸಾವಿರ ಬೇಕು. ಅದರಲ್ಲಿ 96,000 ಹರ್ಟ್ಸ್‌ವರೆಗಿನ ಸದ್ದಿಗೆ ಜಾಗವಿದೆ. ಕಬ್ಬನ್ ಪಾರ್ಕಿನ ಬಾವಲಿಗಳನ್ನು ಕಛೇರಿಗೆ ಕರೆಯುವುದಾದರೆ ಉಪಯೋಗಕ್ಕೆ ಬಂದೀತು.

ಒಂದು ಸಂಜೆ ಪಿಯುಸಿ ಓದುವ ಮಗಳು ಫೋನಿನಲ್ಲಿ ಒಂದೊಂದೇ ಸ್ವರ ಹಾಕುತ್ತ ಹೋದಳು. ಎಂಟು ಸಾವಿರ ಹರ್ಟ್ಸ್ ಎಲ್ಲರಿಗೂ ಕೇಳಿತು. ಹನ್ನೆರಡಕ್ಕೆ ಗುರುಗಳು ಕೆಮ್ಮಿದರು. ಹದಿಮೂರಕ್ಕೆ ನಾನು ಕೈಬಿಟ್ಟೆ. ಹದಿನಾರಕ್ಕೆ ಮಗಳು ಕಿವಿ ಮುಚ್ಚಿಕೊಂಡಳು. ಹೊರಗೆ ಪಕ್ಕದ ಮನೆಯ ನಾಯಿ ಎದ್ದು ನಿಂತಿತು. ಗುರುಗಳು ಹೇಳಿದರು: "ಅದು ಕಿವಿಗೆ ಕೇಳೋದಲ್ಲಮ್ಮಾ, ಅನುಭವಕ್ಕೆ ಬರೋದು." ಮಗಳು ಕೇಳಿದಳು: "ಅಂಕಲ್, ಈಗ ಅನುಭವಕ್ಕೆ ಬರ್ತಾ ಇದೆಯಾ?" ಗುರುಗಳು ಹೌದೆಂದು ತಲೆ ತೂಗಿದರು. ಅವಳು ಫೋನನ್ನು ಆಗಲೇ ಆಫ್ ಮಾಡಿದ್ದಳು.

ಇದನ್ನೇ ಗಂಭೀರವಾಗಿ ಪರೀಕ್ಷಿಸಿದವರಿದ್ದಾರೆ. ಬಾಸ್ಟನ್ನಿನ ಮೇಯರ್ ಮತ್ತು ಮೋರನ್ ಎಂಬಿಬ್ಬರು ಹೈ-ರೆಸ್ ರೆಕಾರ್ಡುಗಳನ್ನೂ, ಅವನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಯಾವುದೆಂದು ಹೇಳದೆ ಕೇಳಿಸಿ 2007ರಲ್ಲಿ ಲೆಕ್ಕ ಪ್ರಕಟಿಸಿದರು. 554 ಸಲ ಕೇಳಿಸಿದ್ದರಲ್ಲಿ 276 ಸಲ ಉತ್ತರ ಸರಿ. ನಾಣ್ಯ ಎಸೆದಿದ್ದರೆ 277 ಬರಬೇಕಿತ್ತು. 2016ರಲ್ಲಿ ಲಂಡನ್ನಿನ ಸಂಶೋಧಕರೊಬ್ಬರು ಇಂಥ 18 ಅಧ್ಯಯನಗಳನ್ನು ರಾಶಿ ಹಾಕಿ, ಇಲ್ಲ ಇಲ್ಲ, ವ್ಯತ್ಯಾಸ ತಿಳಿಯುತ್ತದೆ, ನೂರಕ್ಕೆ 52.3ರಷ್ಟು ಸಲ ಸರಿಯಾಗಿ ಹೇಳುತ್ತಾರೆ ಎಂದರು. ಗುರುಗಳು ಆ 2.3ನ್ನು ತೋರಿಸಿ ನನ್ನಿಂದ ಎಂಬತ್ತು ಸಾವಿರದ ಕ್ಲಾಕ್ ಕೊಡಿಸಿದರು.

ನೀಲಿ ದೀಪದ ಕಥೆಯನ್ನೂ ಹೇಳಿಬಿಡುತ್ತೇನೆ. ಎಂಕ್ಯೂಎ ಎಂಬ ತಂತ್ರ 2014ರಲ್ಲಿ ಬಂತು. ಸ್ಟುಡಿಯೋದಲ್ಲಿ ಹುಟ್ಟಿದ ಸದ್ದೇ ನಿಮ್ಮ ಮನೆಗೆ ಬಂದಿದೆ ಎಂಬುದಕ್ಕೆ ಸಾಕ್ಷಿಯಾಗಿ ಡ್ಯಾಕಿನ ಮೇಲೆ ದೀಪ ಹತ್ತುತ್ತಿತ್ತು. ಅಸಲಿಗೆ ಅದು ಸದ್ದಿನ ಕೆಲವಂಶವನ್ನು ಕಳೆದು ಮಡಿಚಿಡುವ ವಿಧಾನ. ಆದರೆ ದೀಪ ಹತ್ತಿತಲ್ಲ! ನಾವೆಲ್ಲ ಕಣ್ಣಿನಿಂದ ಸಂಗೀತ ಕೇಳಿದೆವು. 2023ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಆ ಕಂಪನಿ ದಿವಾಳಿಯ ಹೊಸ್ತಿಲಿಗೆ ಬಂದು ಆಡಳಿತಗಾರರ ಕೈಗೆ ಹೋಯಿತು. ಮರುವರ್ಷ ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ ಟೈಡಲ್ ಸಂಸ್ಥೆ ಅದನ್ನು ಕೈಬಿಟ್ಟು, 2001ರಿಂದ ಪುಕ್ಕಟೆಯಾಗಿ ಸಿಗುತ್ತಿರುವ ಫ್ಲ್ಯಾಕ್‌ಗೆ ಬಂತು. ನನ್ನ ಡ್ಯಾಕಿನ ನೀಲಿ ದೀಪ ಈಗ ಹತ್ತುವುದಿಲ್ಲ. ಸದ್ದು ಹಾಗೆಯೇ ಇದೆ.

ಸುಪ್ರಭಾತ ತಪ್ಪಿದ ಆ ಬೆಳಿಗ್ಗೆ ನಾನು ಸರಳನಾಗಲು ನಿಶ್ಚಯಿಸಿದೆ. ಗುಣಮಟ್ಟ ಕಳೆದುಕೊಳ್ಳದೆ, ಡಬ್ಬಿ ಕಡಿಮೆ ಮಾಡಬೇಕು. ಗುರುಗಳಿಗೆ ಫೋನು ಮಾಡಿದೆ.

"ಬಹಳ ಒಳ್ಳೇ ಯೋಚನೆ," ಅಂದರು. "ಆದರೆ ಸರಳ ಅನ್ನೋದು ಸುಮ್ನೆ ಆಗೋ ಕೆಲಸ ಅಲ್ಲ ಇವ್ರೇ. ಅದಕ್ಕೂ ಒಂದು ಬಜೆಟ್ ಬೇಕು."

ಅವರು ಹೇಳಿದ್ದು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಒಂದೇ ಡಬ್ಬಿ. ಬೆಲೆ ನಾಲ್ಕೂವರೆ ಲಕ್ಷ. ಹಿಂದಿನ ಹನ್ನೊಂದಕ್ಕೂ ಸೇರಿ ಸುರಿದದ್ದು ಆರು ಲಕ್ಷ. ಆ ಲೆಕ್ಕದಲ್ಲಿ ಸರಳತೆ ಅಗ್ಗವೇ. ಅದರೊಳಗಿನ ಪವರ್ ಸಪ್ಲೈ ಅಷ್ಟಕ್ಕಷ್ಟೇ, ಹೊರಗಿನದೊಂದು ಬೇಕಾಗುತ್ತದೆ. ಕ್ಲಾಕೂ ಹೊರಗಿದ್ದರೆ ಚೆನ್ನ. ಸ್ವಿಚ್ಚನ್ನಂತೂ ತೆಗೆಯಲೇಬೇಡಿ, ನಿಮ್ಮ ಮನೆಯ ಸದ್ದಿನ ಪ್ರಾಣ ಇರುವುದೇ ಆ ಸ್ವಿಚ್ಚಿನಲ್ಲಿ. ಹೀಗೆ ಒಂದು ಡಬ್ಬಿ ಮಾತು ಮುಗಿಯುವ ಹೊತ್ತಿಗೆ ನಾಲ್ಕಾಗಿತ್ತು. ಊಟ ಕಡಿಮೆ ಮಾಡಲು ಹೋದವನಿಗೆ ಡಯಟ್ಟಿನ ಬಿಸ್ಕತ್ತು, ಡಯಟ್ಟಿನ ಪುಡಿ, ಡಯಟ್ಟಿನ ತಟ್ಟೆ ಮಾರುವಂತೆ ಇದೂ ಒಂದು ಧಂದೆ.

ಮಾತಿಗೆ ಮಾತು ಬಂದು ಗುರುಗಳು ಆ ಸಂಜೆ ಮನೆಗೇ ಬಂದರು. 24 ಬಿಟ್ಟಿಗಿಂತ ಕಡಿಮೆಯಲ್ಲಿ ಖಯಾಲಿನ ಆತ್ಮ ಸಿಗುವುದಿಲ್ಲ ಎಂದರು. ಹೆಂಡತಿ ಚುರುಮುರಿ ತಟ್ಟೆ ಇಟ್ಟು ನಿಂತಳು.

"ನಮ್ಮ ಗದಗಿನ ಭೀಮಸೇನ ಜೋಶಿಯವರು ಹನ್ನೊಂದು ವರ್ಷದ ಹುಡುಗ ಇದ್ದಾಗ ಅಂಗಡ್ಯಾಗ ಅಬ್ದುಲ್ ಕರೀಂ ಖಾನ್‌ರ ಪ್ಲೇಟ್ ಕೇಳಿ ಹಾಡು ಕಲಿಯಾಕ ಮನೀ ಬಿಟ್ಟು ಓಡಿ ಹೋದ್ರಂತ ಹೇಳ್ತಾರ. ಆ ಅಂಗಡ್ಯಾಗ ಯಾವ ಡ್ಯಾಕ್ ಇತ್ರಿ?"

1933ರ ಮಾತು. 78 ಸುತ್ತಿನ ಪ್ಲೇಟು, ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ, ಮೇಲಿನ ಸ್ವರಾಂಶಗಳು ಅರ್ಧಕ್ಕರ್ಧ ಕತ್ತರಿಸಿಹೋದ, ಸೂಜಿ ಕೆರೆಯುವ ಸದ್ದು. ಗುರುಗಳು ಚುರುಮುರಿ ಅಗಿಯುತ್ತ ಯೋಚಿಸಿದರು.

"ಆಗ ಕರೆಂಟು ಶುದ್ಧವಾಗಿತ್ತಮ್ಮಾ."

"ಆಗಿನ ಗ್ರಾಮಫೋನಿಗೆ ಕೀಲಿ ಕೊಡ್ತಿದ್ರಲ್ರೀ, ಕರೆಂಟ್ ಎಲ್ಲಿಂದ ಬಂತು?"

ಗುರುಗಳು ಇನ್ನೊಂದು ಹಿಡಿ ಚುರುಮುರಿ ತೆಗೆದುಕೊಂಡರು.

ಭಾನುವಾರ ಡಬ್ಬಿ ಬಿಚ್ಚುವ ಕೆಲಸ. ಮಗಳು ಟಾರ್ಚ್ ಹಿಡಿದು ಸ್ಟ್ಯಾಂಡಿನ ಹಿಂದೆ ತೂರಿದಳು. ಅಲ್ಲಿ ತಂತಿಗಳು ಶಾವಿಗೆ ಒತ್ತಿದಂತೆ ಬಿದ್ದಿದ್ದವು. ಒಂದು ಜೇಡರ ಬಲೆ, ಅಮ್ಮನ ಕಳೆದುಹೋದ ಕನ್ನಡಕದ ಪೆಟ್ಟಿಗೆ, ಎರಡು ಕಡಲೆಕಾಯಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಕರೆದಳು.

"ಅಪ್ಪಾ, ನಿನ್ನ ಸ್ವಿಚ್ಚಿನ ಬೂದು ಕೇಬಲ್ ಎಲ್ಲಿಗೆ ಹೋಗಬೇಕು?"

"ಸ್ಟ್ರೀಮರಿಗೆ."

"ಹೋಗಿಲ್ಲ. ನೆಲದ ಮೇಲೆ ಬಿದ್ದಿದೆ."

ದೀಪಾವಳಿಯ ಧೂಳು ಹೊಡೆಯುವಾಗ ಯಾರೋ ಕಿತ್ತಿದ್ದಾರೆ. ಸ್ಟ್ರೀಮರು ಜಾಣ, ತಂತಿ ಹೋದದ್ದೇ ತಡ ತೆಪ್ಪಗೆ ವೈಫೈ ಹಿಡಿದುಕೊಂಡಿದೆ. ಈಗ ಯುಗಾದಿ. ಐದು ತಿಂಗಳು ನಲವತ್ತು ಸಾವಿರದ ಸ್ವಿಚ್ಚು ದೀಪ ಮಿಣುಕಿಸುತ್ತ ಯಾರಿಗೂ ಏನೂ ಕೊಡದೆ ಕೂತಿತ್ತು. ಸಂಕ್ರಾಂತಿಯ ದಿನ ಎಳ್ಳುಬೆಲ್ಲಕ್ಕೆ ಬಂದ ಗುರುಗಳು ಇದೇ ಸೋಫಾದಲ್ಲಿ ಕೂತು "ಸ್ವಿಚ್ಚು ಈಗ ಪಳಗಿದೆ ನೋಡಿ, ಹಿನ್ನೆಲೆ ಕಾಡಿಗೆ ಹಾಗೆ ಕಪ್ಪಾಗಿದೆ" ಎಂದಿದ್ದರು. ನಾನು ಹೌದಪ್ಪ ಹೌದು ಅಂದಿದ್ದೆ. ಬಂದವರಿಗೆಲ್ಲ ಆ ಕಪ್ಪು ಹಿನ್ನೆಲೆಯ ಬಗ್ಗೆ ಪ್ರವಚನ ಮಾಡಿದ್ದೆ. ಒಬ್ಬ ಸಹೋದ್ಯೋಗಿ ಅಂಥದೇ ಸ್ವಿಚ್ಚು ಕೊಂಡುಕೊಂಡಿದ್ದ. ಅವನಿಗೆ ಇನ್ನೂ ಹೇಳಿಲ್ಲ.

ಮಗಳು ಅಲ್ಲಿಗೆ ಬಿಡಲಿಲ್ಲ. ಟ್ಯಾಬ್ ತೆಗೆದು ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಕೈಯಾಡಿಸಿದಳು. ಹಾಡಿನ ಗುಣಮಟ್ಟ 'ಸಾಮಾನ್ಯ' ಎಂದಿತ್ತು. ಯಾವುದೋ ಊರಿಗೆ ಹೋಗುವಾಗ ರೈಲಿನಲ್ಲಿ ಡೇಟಾ ಉಳಿಸಲು ನಾನೇ ಇಟ್ಟದ್ದು. ಆರು ಲಕ್ಷದ ಏರ್ಪಾಟಿನಲ್ಲಿ ಹಾಡುಗಳನ್ನೆಲ್ಲ ಸೆಕೆಂಡಿಗೆ 96 ಕಿಲೋಬಿಟ್ಟಿನಂತೆ ಕೇಳುತ್ತಿದ್ದೆ. ಸಿಡಿಯಲ್ಲಿ ಇರುವುದು 1,411. ಚಿನ್ನದ ತಪ್ಪಲೆಯಲ್ಲಿ ನುಚ್ಚಕ್ಕಿ ಬೇಯಿಸಿದ ಹಾಗೆ. ಅದನ್ನು ಸರಿಪಡಿಸಲು ತಗುಲಿದ ಖರ್ಚು, ಬೆರಳಿನ ಒಂದು ಒತ್ತು.

ಹನ್ನೊಂದರ ಜಾಗದಲ್ಲಿ ಈಗ ಎರಡು. ಹಳೆಯ ಆಂಪ್ಲಿಫೈಯರು, ಅದಕ್ಕೆ ಹಾಡು ಕೊಡಲು ಸ್ಟ್ರೀಮರೂ ಡ್ಯಾಕೂ ಒಂದರಲ್ಲೇ ಇರುವ ಮುಷ್ಟಿ ಗಾತ್ರದ ಡಬ್ಬಿ. ರೂಟರು ಮನೆಯದು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಲೂಟೂತ್ ಬೇಡ ಎಂದು ಮಗಳೇ ಹೇಳಿದಳು. ಅದರಲ್ಲಿ ಫೋನು ಹಾಡನ್ನು ಒಮ್ಮೆ ಬಿಡಿಸಿ, ಮತ್ತೆ ಹಿಂಡಿ ಕಳಿಸುತ್ತದೆ, ನಡುವೆ ಕರೆ ಬಂದರೆ ಸ್ಪೀಕರಿನಲ್ಲಿ ಸಾಲದ ಕಂಪನಿಯವರು ಮಾತಾಡುತ್ತಾರೆ. ಗುಣಮಟ್ಟ ಹೋಯಿತೋ ಎಂದು ನೋಡಲು ಪರೀಕ್ಷೆಯೂ ಆಯಿತು. ಅರ್ಧ ಡೆಸಿಬೆಲ್ ಜೋರಾಗಿ ಕೇಳಿದರೂ ಕಿವಿ ಅದನ್ನೇ ಚೆಂದ ಅನ್ನುತ್ತದೆ (ಅಂಗಡಿಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು), ಅದಕ್ಕೇ ಅವಳು ಮಲ್ಟಿಮೀಟರ್ ಹಿಡಿದು ಎರಡೂ ಕಡೆಯ ಮಟ್ಟ ಸಮ ಮಾಡಿದಳು, ಡಬ್ಬಿಗಳ ಮೇಲೆ ಅಮ್ಮನ ಹಳೇ ಸೀರೆ ಮುಚ್ಚಿದಳು. ಇಪ್ಪತ್ತು ಸಲ ಕೇಳಿಸಿದಳು. ಒಂಬತ್ತು ಸಲ ನನ್ನ ಉತ್ತರ ಸರಿಯಾಯಿತು. ಅಮ್ಮನನ್ನೂ ಕೂರಿಸಿ ಎರಡೂ ಕಡೆ ಸುಬ್ಬುಲಕ್ಷ್ಮಿಯನ್ನು ಹಾಕಿ, ಯಾವುದು ಚೆನ್ನಾಗಿದೆ ಅಂತ ಕೇಳಿದೆವು.

"ಎರಡೂ ಅವಳೇ ಅಲ್ವೇನೋ?" ಅಂದಳು ಅಮ್ಮ.

ಇಷ್ಟಾದರೂ ಒಂದು ಮಾತು ಒಪ್ಪಬೇಕು. ಗುರುಗಳು ಹೇಳಿದ ಆ ಪರದೆ ಇತ್ತು. ಎತ್ತರದ ಸ್ವರ ಕಿವಿಗೆ ಚುಚ್ಚುತ್ತಿತ್ತು, ಮೃದಂಗದ ಎಡ ಒಂದೇ ಮುದ್ದೆಯಾಗಿ ಬೀಳುತ್ತಿತ್ತು. ಹನ್ನೊಂದು ಡಬ್ಬಿಯಲ್ಲೂ ಇತ್ತು, ಎರಡರಲ್ಲೂ ಇತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳು ಅಂತ ಗಾದೆ. ನಮ್ಮ ಹಾಲಿನಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು! ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸು, ಬರೀ ಗೋಡೆ, ಗಾಜಿನ ಶೋಕೇಸು. ಕಿಟಕಿಯ ಪರದೆಗಳೂ ಇರಲಿಲ್ಲ; ಸಂಗೀತ ಬಿಚ್ಚಿಕೊಳ್ಳಲಿ ಎಂದು ಗುರುಗಳೇ ತೆಗೆಸಿದ್ದರು. ಚಪ್ಪಾಳೆ ತಟ್ಟಿದರೆ 'ಟಣ್' ಎಂದು ಹಿಂತಿರುಗಿ ಬರುತ್ತಿತ್ತು. ಸ್ಪೀಕರುಗಳು ಮೂಲೆಗೆ ಒತ್ತಿಕೊಂಡು ಕೂತಿದ್ದವು. ಮೂಲೆಗೆ ತಳ್ಳಿದ ಸ್ಪೀಕರು ಮಂದ್ರವನ್ನು ಊದಿಸುತ್ತದೆ.

1895ರ ಸುಮಾರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಕೋಣೆಯಲ್ಲಿ ಮೇಷ್ಟರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ವಾಲೇಸ್ ಸಬೀನ್ ಎಂಬ ಎಳೆಯ ಮೇಷ್ಟರಿಗೆ ಸರಿಪಡಿಸಲು ಹೇಳಿದರು. ಆತ ಊರು ಮಲಗಿದ ಮೇಲೆ ಪಕ್ಕದ ಸಭಾಂಗಣದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ನಿನ ಒಂದು ಕೊಳವೆ ಊದಿಸಿ, ಸದ್ದು ಸಾಯಲು ಎಷ್ಟು ಹೊತ್ತಾಗುತ್ತದೆಂದು ಗಡಿಯಾರ ಹಿಡಿದು ಅಳೆದ. ಬೆಳಗಾಗುವ ಮೊದಲು ಮೆತ್ತೆಗಳು ಸ್ವಸ್ಥಾನಕ್ಕೆ. ಕೋಣೆಯ ಸದ್ದಿನ ವಿಜ್ಞಾನ ಹುಟ್ಟಿದ್ದು ಹೀಗೆ, ಬೇರೆಯವರ ದಿಂಬಿನಿಂದ.

ನಮ್ಮಲ್ಲಿ ದಿಂಬು ಧಾರವಾಡದಿಂದ ಬಂತು. ಅತ್ತೆ ಹೊಲಿದ ಎರಡು ಕೌದಿ ಅಟ್ಟದ ಮೇಲಿದ್ದವು. ಹಳೇ ಸೀರೆ, ಧೋತರ, ಮಗಳ ಕುಂಚಿಗೆ, ಆರು ಪದರ ಸೇರಿಸಿ ದಪ್ಪಗೆ ಹೊಲಿದವು. ಒಂದರ ನಡುವೆ ಮಾವನ ನೀಲಿ ಅಂಗಿಯ ಜೇಬು ಜೇಬಾಗಿಯೇ ಉಳಿದಿತ್ತು. ಒಂದನ್ನು ಸೋಫಾದ ಹಿಂದಿನ ಗೋಡೆಗೆ ಕಟ್ಟಿದೆವು, ಇನ್ನೊಂದನ್ನು ಗಾಜಿನ ಶೋಕೇಸಿಗೆ ಹೊದಿಸಿದೆವು. ನೆಲಕ್ಕೆ ನವಲಗುಂದದ ಜಮಖಾನೆ. ಹೆಂಡತಿ ಒಗೆದಿಟ್ಟ ಪರದೆಗಳನ್ನು ಕಿಟಕಿಗೆ ಏರಿಸಿದಳು. ಸ್ಪೀಕರುಗಳನ್ನು ಮೂಲೆಯಿಂದ ಎರಡಡಿ ಈಚೆಗೆ ಎಳೆದೆ. ಚಪ್ಪಾಳೆ ತಟ್ಟಿದರೆ ಈಗ ಬರೀ ಚಪ್ಪಾಳೆ.

ಹಾಡು ಹಾಕಿದೆ. ಮೃದಂಗದ ಎಡವೂ ಬಲವೂ ಬೇರೆ ಬೇರೆಯಾಗಿ ಬಂದವು. ತಂಬೂರಿ ಹಿಂದೆ ನಿಂತಿತು. ನಾನು ಆರು ಲಕ್ಷ ಕೊಟ್ಟು ಸರಿಸಲಾಗದ ಪರದೆ, ಪರದೆ ಕಟ್ಟಿದ ಮೇಲೆ ಸರಿಯಿತು. ಹೆಂಡತಿ ಏನೂ ಅನ್ನಲಿಲ್ಲ. ಅನ್ನದೆ ಇರುವುದನ್ನು ಅವಳು ಬಹಳ ಹೊತ್ತು ಮಾಡಿದಳು.

ನೋವಾದದ್ದು ಆಂಪ್ಲಿಫೈಯರಿನ ವಿಷಯಕ್ಕೆ. ಮಾರಲು ಇಟ್ಟ ನನ್ನ ಪವರ್ ಆಂಪು 200 ವಾಟಿನದು, ಹನ್ನೆರಡಡಿಗೆ ಹದಿನಾರಡಿ ಹಾಲಿಗೆ. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಊರಿಗೆಲ್ಲ ರೇಡಿಯೋ ಕೇಳಿಸಿದರು. ಆಕಾಶವಾಣಿ ಎಂಬ ಹೆಸರು ಬೆಳೆದು ಬಂದದ್ದು ಅಲ್ಲಿಂದ. ಅವರ ಟ್ರಾನ್ಸ್‌ಮಿಟರು 30 ವಾಟಿನದು. ರೇಡಿಯೋದ ವಾಟು ಬೇರೆ, ಸ್ಪೀಕರಿನ ವಾಟು ಬೇರೆ ಎಂದು ಗುರುಗಳು ತಿದ್ದಿದರು. ಸರಿಯೇ. ಆದರೂ ನಾಚಿಕೆಗೆ ವಾಟಿನ ಲೆಕ್ಕ ತಿಳಿಯುವುದಿಲ್ಲ.

ಬಿಚ್ಚಿದ ಡಬ್ಬಿಗಳ ಫೋಟೋ ತೆಗೆದು ಮಾರಾಟಕ್ಕೆ ಹಾಕಿದೆ. ಮೊದಲ ಗಿರಾಕಿ ಶನಿವಾರ ಬಂದ. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ, ಹೊಸ ಕೆಲಸ, ಹೆಲ್ಮೆಟ್ ತೆಗೆದ ತಲೆಯಲ್ಲಿ ಬೆವರು, ಕಣ್ಣಲ್ಲಿ ಎಂಟು ವರ್ಷದ ಹಿಂದಿನ ನಾನು. ಜಮಖಾನೆಯ ಮೇಲೆ ಕಾಲಿಡಲು ಹಿಂಜರಿದು ಶೂ ಬಿಚ್ಚಿದ. ಸ್ವಿಚ್ಚನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ತೆಗೆದುಕೊಂಡ.

"ಸಾರ್, ಇದು ಹಾಕಿದ್ರೆ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತಾ?"

ಒಳಗಿನ ಕೋಣೆಯಲ್ಲಿ ಮಗಳ ಕುರ್ಚಿ ಕಿರುಗುಟ್ಟುವುದು ನಿಂತಿತು. ನಾನು ಅವನ ಮುಖ ನೋಡಿದೆ, ಸ್ವಿಚ್ಚು ನೋಡಿದೆ. ನಲವತ್ತು ಸಾವಿರದ್ದು, ಇಪ್ಪತ್ತೆರಡಕ್ಕೆ ಕೇಳಿದ್ದೆ.

"ಹಿನ್ನೆಲೆ," ಅಂದೆ, "ಕಾಡಿಗೆ ಹಾಗೆ ಕಪ್ಪಾಗುತ್ತೆ."

ಅವನು ಕಣ್ಣು ಮುಚ್ಚಿ ತಲೆದೂಗಿದ. ದುಡ್ಡು ಕಳಿಸಿದ, ಇಪ್ಪತ್ತೆರಡು ಸಾವಿರವೇ ಬಂತು. ಬಾಗಿಲ ತನಕ ಹೋದವನು ಬೂದು ಕೇಬಲನ್ನು ಎತ್ತಿ ಹಿಡಿದು ತಿರುಗಿದ.

"ಸಾರ್, ಇದರಲ್ಲಿ ಬಾಣದ ಗುರುತಿದೆಯಲ್ಲ, ಯಾವ ಕಡೆಗೆ ಇರಬೇಕು?"

"ಸ್ಪೀಕರಿನ ಕಡೆಗೆ," ಅಂದೆ. "ತಪ್ಪಿಯೂ ತಿರುಗಿಸಬೇಡಿ."